ನೂರಿಪ್ಪತ್ತು ದಿನದ ಹೊದಿಕೆ

ಚರೂನನ ಜೊತೆ ಮೊದಲ ಸಲ ಮಾತಿಗೆ ಕುಳಿತವರಿಗೆ ಒಂದು ಸಣ್ಣ ಅವಮಾನ ತಪ್ಪುತ್ತಿರಲಿಲ್ಲ. ನೀವು ಏನೋ ಗಂಭೀರವಾದದ್ದನ್ನು ಹೇಳುತ್ತಿರುತ್ತೀರಿ, ಅವನೂ ತಲೆಯಾಡಿಸುತ್ತ ಕೇಳುತ್ತಿರುತ್ತಾನೆ. ಇದ್ದಕ್ಕಿದ್ದಂತೆ ಅವನ ಹುಬ್ಬು ಗಂಟಿಕ್ಕುತ್ತದೆ, ಕೈ ಮೇಲೇಳುತ್ತದೆ, ನಿಮ್ಮ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಅವನು ಗಡಿಯಾರ ನೋಡಿ, ಅಂಗೈಯ ಮೇಲೆ ಪೆನ್ನಿನಿಂದ ಒಂದು ಸಂಖ್ಯೆ ಬರೆದುಕೊಂಡು, ಬಾಗಿಲಾಚೆ ಹೋಗಿ ಉಗಿದು ಬಂದು, "ಹೇಳಿ, ಹೇಳಿ" ಎನ್ನುತ್ತಾನೆ. ಅವನ ದವಡೆಯ ಸಂದಿನಲ್ಲಿ ಯಾವಾಗಲೂ ಒಂದು ಯೂರಿಯಾ ಕಾಳು ಇರುತ್ತಿತ್ತು. ಕಾಳಿನ ಮೇಲೆ ಅವನೇ ಹೊದಿಸಿದ ರಬ್ಬರಿನ ತೆಳುಪೊರೆ. ಪೊರೆ ಗಟ್ಟಿಯಾಗಿರುವವರೆಗೆ ಬಾಯಿಗೆ ಏನೂ ತಿಳಿಯುವುದಿಲ್ಲ. ಸೂಜಿಮೊನೆಯಷ್ಟು ತೂತಿದ್ದರೂ ಯೂರಿಯಾ ಕರಗತೊಡಗಿ ನಾಲಗೆ ಐಸು ಮುಟ್ಟಿದಂತೆ ತಣ್ಣಗಾಗುತ್ತದೆ. ನಮ್ಮ ಕೇಂದ್ರದಲ್ಲಿ ತೂತು ಹುಡುಕುವ ಯಂತ್ರ ಒಂದಿತ್ತು. ಅದಕ್ಕಿಂತ ಮೊದಲೇ ಚರೂನನ ನಾಲಗೆ ಕೆಟ್ಟ ಕಾಳನ್ನು ಹಿಡಿಯುತ್ತಿತ್ತೆಂಬುದನ್ನು ನಾನು ಮೂರು ಬಾರಿ ಪರೀಕ್ಷಿಸಿ ಒಪ್ಪಿಕೊಂಡಿದ್ದೇನೆ. ಒಪ್ಪಿಕೊಳ್ಳುವುದು ನನ್ನ ಸ್ವಭಾವವಲ್ಲ.

ಬ್ಯಾಂಕಾಕಿನಿಂದ ಬಹಳ ದಕ್ಷಿಣಕ್ಕಿರುವ ಫತ್ತಲುಂಗ್‌ನ ಆ ಮಣ್ಣು ಪರೀಕ್ಷೆಯ ಕೇಂದ್ರದಲ್ಲಿ ಅವನು ಸಹಾಯಕ, ನಾನು ಸಲಹೆಗೆ ಬರುತ್ತಿದ್ದ ಅಧ್ಯಾಪಕಿ. ಎಲ್ಲರಂತೆ ಅವನೂ ನನ್ನನ್ನು 'ಆಚಾನ್' ಎಂದೇ ಕರೆಯುತ್ತಿದ್ದ. ಪಾಠ ಹೇಳುವವರನ್ನು ಅಲ್ಲಿ ಹಾಗೆ ಕರೆಯುತ್ತಾರೆ, ಪಾಠ ಬಿಟ್ಟ ಮೇಲೂ ಬಿಡುವುದಿಲ್ಲ. ನುಣ್ಣನೆಯ ಸಿಮೆಂಟು ನೆಲದ ಮೇಲೂ ಚರೂನ್ ಕೆಸರಿನಿಂದ ಪಾದ ಕಿತ್ತುಕೊಳ್ಳುವವನ ಹಾಗೆ ಮೊಣಕಾಲೆತ್ತಿ ನಡೆಯುತ್ತಿದ್ದ. ಮೈಮೇಲೆ ಕೇಂದ್ರದವರು ಯಾವುದೋ ಕಾಲದಲ್ಲಿ ಕೊಟ್ಟ ನೀಲಿ ಕೋಟು. ತೋಳು ಮೊಣಕೈಯಲ್ಲಿ ತೇಪೆ ಕಂಡಿತ್ತು, ಜೇಬುಗಳು ಜೋತುಬಿದ್ದಿದ್ದವು. ಆ ಜೇಬುಗಳ ತುಂಬ ಬೆರಳುದ್ದದ ನೈಲಾನ್ ಬಲೆಯ ಚೀಲಗಳು, ಕೆಂಪು ಹಳದಿ ಹಸಿರು ದಾರಗಳು. ಕಾಳುಗಳನ್ನು ಎಣಿಸಿ ಚೀಲಕ್ಕೆ ತುಂಬಿ, ಬಾಯಿಗೆ ದಾರ ಕಟ್ಟಿ, ಗದ್ದೆಯ ಕೆಸರಿನಲ್ಲಿ ಹೂತು, ವಾರಕ್ಕೊಂದರಂತೆ ಅಗೆದು ತೆಗೆದು, ಒಳಗೆ ಎಷ್ಟು ಉಳಿದಿದೆ ಎಂದು ತೂಗುವುದು ಅವನ ಕೆಲಸ. ಅವನ ಮೈಯಿಂದ ಸದಾ ಅಮೋನಿಯಾದ ಘಾಟು ಬರುತ್ತಿತ್ತು. ರಬ್ಬರ್ ಹಾಲು ಹೆಪ್ಪುಗಟ್ಟದಿರಲೆಂದು ಅದಕ್ಕೆ ಅಮೋನಿಯಾ ಬೆರೆಸುತ್ತಾರೆ. ಕೇಂದ್ರದ ವ್ಯಾನಿನಲ್ಲಿ ಚರೂನನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಿದ್ದುದರಿಂದ ನಾನು ಅಲ್ಲೇ ಕೂರುತ್ತಿದ್ದೆ. ಕಾಲು ಚಾಚಲು ಅನುಕೂಲವಾಗಿತ್ತು.

ಅವನ ಯಂತ್ರ ಹಳೆಯದೊಂದು ಕಾಂಕ್ರೀಟು ಕಲಸುವ ಡ್ರಮ್ಮು. ಓರೆಯಾಗಿ ತಿರುಗುವ ಅದರ ಹೊಟ್ಟೆಯಲ್ಲಿ ಯೂರಿಯಾ ಕಾಳುಗಳು ಸರಸರನೆ ಉರುಳುತ್ತಿದ್ದವು. ಒಂದು ಕೈಯಲ್ಲಿ ರಬ್ಬರ್ ಹಾಲನ್ನು ಮಂಜಿನ ಹಾಗೆ ಸಿಂಪಡಿಸುತ್ತ, ಇನ್ನೊಂದು ಕೈಯಲ್ಲಿ ಹೆಂಡತಿಯ ಕೂದಲೊಣಗಿಸುವ ಬಿಸಿಗಾಳಿಯ ಯಂತ್ರ ಹಿಡಿದು ಅವನು ಗಂಟೆಗಟ್ಟಲೆ ನಿಲ್ಲುತ್ತಿದ್ದ. ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದನ್ನು ನೋಡಿದವರಿಗೆ ಈ ಕೆಲಸದ ಮರ್ಮವನ್ನು ಬೇರೆ ಹೇಳಬೇಕಾಗಿಲ್ಲ: ಪಾಕ ತುಸು ಹೆಚ್ಚಾದರೆ ಕಾಳು ಕಾಳು ಅಂಟಿ ಉಂಡೆಯಾಗುತ್ತದೆ, ಬಿಸಿ ತುಸು ಕಡಿಮೆಯಾದರೆ ಪದರ ಕೂರುವುದಿಲ್ಲ, ಕೈ ನಿಂತರೆ ಎಲ್ಲವೂ ಕೆಟ್ಟಿತು. ಮೊದಲ ವರ್ಷಗಳಲ್ಲಿ ಚರೂನನ ಡ್ರಮ್ಮಿನಿಂದ ಹೊರಬಂದದ್ದೆಲ್ಲ ಉಂಡೆಯೇ.

ರಬ್ಬರ್ ಹಾಲು ಅವನ ಹೆಂಡತಿ ಲಮಾಯ್‌ಳ ತೋಟದ್ದು. ಅವಳೇ ಮರ ಗೀರಿ, ಚಿಪ್ಪು ಚಿಪ್ಪಾಗಿ ಹಾಲು ಕೂಡಿಸಿ, ಕೇಂದ್ರದ ಬಾಗಿಲಿಗೆ ಕ್ಯಾನು ತಂದಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

"ನೋಡಿ ಆಚಾನ್, ನನ್ನ ಮರದ ಹಾಲು ಕುಡಿದು ಇವರ ಗೊಬ್ಬರ ದಪ್ಪ ಆಗ್ತಿದೆ, ನಾನು ಸಣ್ಣ ಆಗ್ತಿದೀನಿ" ಎಂದಳು ಒಮ್ಮೆ.

ಅವಳು ಸಣ್ಣಗಿರಲಿಲ್ಲ. ಚರೂನ್ ಡ್ರಮ್ಮಿನಿಂದ ತಲೆಯೆತ್ತದೆ, "ಹೊದಿಕೆ ಎಷ್ಟು ತೆಳುವೋ ಅಷ್ಟು ಒಳ್ಳೇದು" ಎಂದ.

"ಹೆಂಡ್ತೀಗೂ ಇದೇ ಸೂತ್ರವೇನೋ!" ಎಂದು ಕ್ಯಾನು ಕುಕ್ಕಿ ಹೋದಳು.

ಈ ಮನುಷ್ಯ ಇಷ್ಟೊಂದು ಹಟ ಹಿಡಿದಿರುವುದೇಕೆ ಎಂಬುದು ನನಗೆ ಬಹುಕಾಲ ತಿಳಿಯಲಿಲ್ಲ. ಅವನಿಗೆ ಪದವಿಯಿರಲಿಲ್ಲ, ಬಡ್ತಿಯ ಆಸೆಯಿರಲಿಲ್ಲ, ಬೇರೆ ಯಾವ ಪ್ರಯೋಗದಲ್ಲೂ ಆಸಕ್ತಿಯಿರಲಿಲ್ಲ. ಅವನ ಗುರಿ ಒಂದೇ ಸಂಖ್ಯೆ: ನೂರಿಪ್ಪತ್ತು. ನಾಟಿಯ ದಿನ ಒಂದೇ ಸಲ ಮಣ್ಣಿಗೆ ಹಾಕಿದ ಗೊಬ್ಬರ ನವೆಂಬರಿನ ಜಡಿಮಳೆಗೆ ಕೊಚ್ಚಿಹೋಗದೆ, ತೆನೆ ಕಟ್ಟುವವರೆಗೆ ಸ್ವಲ್ಪಸ್ವಲ್ಪವಾಗಿ ಒಸರುತ್ತ ನೂರಿಪ್ಪತ್ತು ದಿನ ಗದ್ದೆಯಲ್ಲೇ ನಿಲ್ಲಬೇಕು. ಊರವರೆಲ್ಲ ಬೇಗ ಬರುವ ಗಿಡ್ಡ ತಳಿಗಳಿಗೆ ಹೋಗಿದ್ದರೂ ಅವನ ಗದ್ದೆಯಲ್ಲಿ ಬೆಳೆಯುತ್ತಿದ್ದದ್ದು 'ಹಕ್ಕಿಯುಗುರು' ಎಂದು ಅಲ್ಲಿನವರು ಕರೆಯುವ ಹಳೆಯ ಭತ್ತ; ಐದು ತಿಂಗಳ ಬೆಳೆ, ಎದೆಯೆತ್ತರದ ಪೈರು, ತೆನೆ ತೆನೆಯಾಗಿ, ಅಂಗೈಯಲ್ಲಿ ಅಡಗುವ ಪುಟ್ಟ ಬೆರಳುಕತ್ತಿಯಿಂದಲೇ ಕೊಯ್ಯಬೇಕಾದದ್ದು.

ಒಂದು ಫೆಬ್ರವರಿಯಲ್ಲಿ ಚೀಲಗಳ ಲೆಕ್ಕ ನೋಡಲು ನಾನು ಆ ಗದ್ದೆಗೆ ಹೋದೆ. ಕೊಯ್ಲು ಮುಗಿದು ಹತ್ತು ದಿನವಾಗಿತ್ತು. ಈಶಾನ್ಯದ ಮೂಲೆಯಲ್ಲಿ ಮಾತ್ರ ಒಂದು ಹಿಡಿ ಪೈರು, ಮಧ್ಯಕ್ಕೆ ಬಿಳಿ ದಾರ ಕಟ್ಟಿ, ಹಾಗೆಯೇ ನಿಂತಿತ್ತು. ಕಾಳುಗಳಲ್ಲಿ ಅರ್ಧ ಉದುರಿತ್ತು, ಉಳಿದರ್ಧವನ್ನು ಗುಬ್ಬಿಗಳು ಮುಗಿಸುತ್ತಿದ್ದವು. ಅಜಾಗರೂಕತೆ ನನಗೆ ಸಹಿಸದು. ಊಟಕ್ಕೆ ಕೂತಾಗ ಅದನ್ನೇ ಹೇಳಿದೆ. ಚರೂನ್ ಎದ್ದು ಕೈತೊಳೆಯಲು ಹೋದ. ಲಮಾಯ್ ದನಿ ತಗ್ಗಿಸಿ, "ಅದು ಭಾವನ ಪಾಲು, ಆಚಾನ್. ಅದನ್ನ ಯಾರೂ ಮುಟ್ಟೋ ಹಾಗಿಲ್ಲ" ಎಂದಳು. ಆವತ್ತು ಅವಳಿಂದ ಕೇಳಿದ ಕತೆ ಇಷ್ಟು.

ಚರೂನನಿಗೆ ಹದಿಮೂರು ವರ್ಷ ದೊಡ್ಡವನಾದ ಅಣ್ಣನೊಬ್ಬನಿದ್ದ, ಸಂಗ್. ತಂದೆ ತಾಯಿ ಬೇಗ ತೀರಿಕೊಂಡಾಗ ತಮ್ಮನನ್ನು ಬೆಳೆಸಿ ಓದಿಸಿದವನು ಅವನೇ. ಪಾಲಿನ ಮಾತು ಬಂದಾಗ ಗದ್ದೆಯನ್ನು ತಮ್ಮನಿಗೆ ಬಿಟ್ಟು, ಸರೋವರದ ದಂಡೆಯ ಮನೆಯನ್ನೂ ದೋಣಿಯನ್ನೂ ಇಟ್ಟುಕೊಂಡು ಮೀನು ಹಿಡಿದು ಬದುಕಿದ. ಆದರೆ ಪ್ರತಿ ಸುಗ್ಗಿಗೂ ಗದ್ದೆಗೆ ಬರುತ್ತಿದ್ದ. ಮೂಲೆಯ ಮೊದಲ ಹಿಡಿಯನ್ನು ದಾರ ಕಟ್ಟಿ ಭತ್ತದ ತಾಯಿಗೆಂದು ಕೊಯ್ಯುವುದು ಮನೆಯ ಹಿರಿಯನ ಕೆಲಸ. ಅದಾದ ಮೇಲೆ ಎಲ್ಲರಿಗಿಂತ ಎರಡು ಸಾಲು ಮುಂದೆ, ಹಿಂತಿರುಗಿ ನೋಡದೆ, ಸಿಳ್ಳೆ ಹಾಕುತ್ತ ಕೊಯ್ದುಕೊಂಡು ಹೋಗುತ್ತಿದ್ದ.

ಚರೂನನಿಗೆ ಮೂವತ್ತು ತುಂಬುವ ಹೊತ್ತಿಗೆ ಅವನು ಊರೂರು ತಿರುಗಿ ರೈತರಿಗೆ ಗೊಬ್ಬರ ಹಾಕುವುದನ್ನು ತೋರಿಸಿಕೊಡುವ ಕೆಲಸದಲ್ಲಿದ್ದ. ಮೂರು ಸಲ, ಮುಷ್ಟಿ ತುಂಬ, ನೀರಿನ ಮೇಲೆ ಎರಚಿ ಎಂದು ಅವನು ಹೇಳಿದ, ಜನ ಎರಚಿದರು, ಮಳೆ ಬಂದಾಗ ಅರ್ಧಕ್ಕರ್ಧ ಕಾಲುವೆಗೆ ಹರಿಯಿತು. ಆಮೇಲಿನ ಐದು ವರ್ಷಗಳಲ್ಲಿ ಸಂಗ್‌ನ ಊರಿನ ಮುಂದಿನ ನೀರನ್ನು ಜೊಂಡು ಮುಚ್ಚಿಕೊಂಡಿತು. ದೋಣಿ ಸಾಗುವುದೇ ಕಷ್ಟವಾಯಿತು. ಒಂದು ದಿನ ಅಣ್ಣನ ಬಲೆ ಜೊಂಡಿಗೆ ಸಿಕ್ಕಿ ಉದ್ದಕ್ಕೂ ಹರಿದಿತ್ತು. ಅದೇ ಹೊತ್ತಿಗೆ ಚರೂನ್ ಹೊಸ ನೀಲಿ ಕೋಟು ಹಾಕಿಕೊಂಡು, ಸುಗ್ಗಿಗೆ ಕರೆಯಲು ಹೋದ. ಹತ್ತು ಜನರ ಮುಂದೆ ಸಂಗ್ ಹೇಳಿದನಂತೆ: "ಮೊದ್ಲು ನಿನ್ನ ಗೊಬ್ಬರಾನ ನಿನ್ನ ಗದ್ದೇಲೇ ಇಟ್ಕೊಳ್ಳೋದು ಕಲ್ತ್ಕೋ. ಆಮೇಲೆ ನನ್ನ ಕರಿ."

ಚರೂನ್ ವಾಪಸು ಬಂದ. ಮತ್ತೆ ಹೋಗಲಿಲ್ಲ.

ಆ ಸೀಮೆಯಲ್ಲಿ ಕೊಯ್ಲಿಗೆ ಯಾರೂ ತಾವಾಗಿ ಬರುವುದಿಲ್ಲ, ಒಡಹುಟ್ಟಿದವರೂ ಬರುವುದಿಲ್ಲ. ಗದ್ದೆಯವನು ಮನೆಗೆ ಬಂದು ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಇಲ್ಲವೆನ್ನುವ ಹಾಗಿಲ್ಲ. ಕೇಳದೆ ಬಂದರೆ 'ನಿನ್ನ ಕೈಲಾಗಲಿಲ್ಲ' ಎಂದು ಗದ್ದೆಯವನ ಮುಖಕ್ಕೆ ಹೇಳಿದಂತೆ. ಹೀಗಾಗಿ ಸಂಗ್ ಬರುವಂತಿರಲಿಲ್ಲ. ಚರೂನನಾದರೋ ಅಣ್ಣನ ಸಿಟ್ಟಿನ ಮಾತನ್ನು ಕರಾರುಪತ್ರದ ಹಾಗೆ ಓದಿಕೊಂಡುಬಿಟ್ಟಿದ್ದ. ಗೊಬ್ಬರ ಗದ್ದೆಯಲ್ಲಿ ನಿಲ್ಲುವವರೆಗೆ ಕೇಳುವ ಅಧಿಕಾರ ತನಗಿಲ್ಲ. ಅಂದಿನಿಂದ ಊರಿನ ಇನ್ನೊಬ್ಬ ಹಿರಿಯನನ್ನೂ ಕರೆಯದೆ, ಪ್ರತಿವರ್ಷ ಮೂಲೆಯ ಹಿಡಿಗೆ ತಾನೇ ದಾರ ಕಟ್ಟಿ ಬಿಟ್ಟುಬಿಡುತ್ತಿದ್ದ. ಎರಡು ಮನೆಗಳ ನಡುವೆ ಹದಿನಾಲ್ಕು ಕಿಲೋಮೀಟರಿನ ಒಳ್ಳೆಯ ಡಾಂಬರು ರಸ್ತೆಯಿತ್ತು. ಮದುವೆಗಳಲ್ಲಿ, ಸಾವಿನ ಮನೆಗಳಲ್ಲಿ ಅಣ್ಣತಮ್ಮಂದಿರು ಎದುರಾಗುತ್ತಿದ್ದರು; ಕೈಮುಗಿದು, ಮಳೆಯ ವಿಚಾರ ಆಡಿ, ಬೇರೆ ಬೇರೆ ಚಾಪೆಗಳಲ್ಲಿ ಊಟಕ್ಕೆ ಕೂರುತ್ತಿದ್ದರು. ಚರೂನ್ ದೂರದಿಂದ ಅಣ್ಣನ ಬೆನ್ನು ನೋಡುತ್ತಿದ್ದ ಎಂದಳು ಲಮಾಯ್.

ಇದು ತಿಳಿದ ಮೇಲೆ ನಾನು ಅವನ ಹಟವನ್ನು ಬೇರೆ ಕಣ್ಣಿನಿಂದ ನೋಡಿದೆನೆಂದು ಹೇಳಿದರೆ ಸುಳ್ಳಾದೀತು. ಕೆಲಸವನ್ನು ಕೆಲಸದ ಕಣ್ಣಿನಿಂದಲೇ ನೋಡಬೇಕು. ಆ ದೃಷ್ಟಿಯಿಂದಲೂ ಅವನು ಅಪರೂಪದವನು. ಈ ಕೆಲಸಕ್ಕೆ ಕೈಹಾಕಿದ ಹನ್ನೊಂದನೆಯ ವರ್ಷದಲ್ಲಿ ಪ್ರಯೋಗಶಾಲೆಯ ನೀರಿನಲ್ಲಿ ಅವನ ಕಾಳು ನಿಜವಾಗಿ ನೂರಿಪ್ಪತ್ತು ದಿನ ನಿಂತಿತು. ನಿರ್ದೇಶಕರು ಕರಪತ್ರ ಅಚ್ಚು ಹಾಕಿಸಲು ಹೊರಟರು. ಚರೂನ್ ಸಹಿ ಹಾಕಲಿಲ್ಲ.

"ಗದ್ದೇಲಿ ಎಪ್ಪತ್ತೇ ದಿನ ಸಾರ್."

"ಇಲ್ಲಿ ನೂರಿಪ್ಪತ್ತು ಬಂದಿದೆಯಲ್ಲಯ್ಯ, ನಿನ್ನ ಕೈಬರಹದಲ್ಲೇ ಇದೆ!"

"ಇಲ್ಲಿ ಏಸಿ ಇದೆ. ಗದ್ದೆಗೂ ಏಸಿ ಹಾಕಿಸ್ತೀರಾ?"

ಅವನು ಹೇಳಿದ್ದು ಸರಿ. ಪೊರೆಯ ಮೂಲಕ ಗೊಬ್ಬರ ಒಸರುವ ವೇಗ ಶಾಖದೊಂದಿಗೆ ಏರುತ್ತದೆ. ಇಪ್ಪತ್ತೈದು ಡಿಗ್ರಿಯ ಕೋಣೆಯಲ್ಲಿ ನಾಲ್ಕು ತಿಂಗಳು ತಾಳಿದ್ದು ಮೂವತ್ತೆರಡು ಡಿಗ್ರಿಯ ಕೆಸರಿನಲ್ಲಿ ತಾಳುವುದಿಲ್ಲ. ತಂಪುದೇಶಗಳಿಂದ ಬಂದ ಚೀಲಗಳ ಮೇಲಿನ ದಿನಸಂಖ್ಯೆಯನ್ನು ನಂಬಿ ಎಷ್ಟೋ ವಿದ್ವಾಂಸರು ಎಡವಿದ ಜಾಗ ಅದು. ಕರಪತ್ರ ನಿಂತಿತು, ಚರೂನನ ವಾರ್ಷಿಕ ಭತ್ಯೆಯೂ ನಿಂತಿತು. ಆ ಸಂಜೆ ಅವನು ಮತ್ತೆ ಹೊಸದಾಗಿ ಕಾಳು ತುಂಬಿ ಡ್ರಮ್ಮು ತಿರುಗಿಸಿದ.

ಪ್ಲಾಸ್ಟಿಕ್ಕಿನ ಹೊದಿಕೆಯಾದರೆ ಕೆಲಸ ಎಂದೋ ಮುಗಿದುಹೋಗುತ್ತಿತ್ತು. ಅಂಥ ಕಾಳುಗಳನ್ನೂ ಒಂದು ವರ್ಷ ಹಾಕಿ ನೋಡಿದ್ದ. ಗೊಬ್ಬರವೆಲ್ಲ ಒಸರಿದ ಮೇಲೆ ಖಾಲಿ ಚಿಪ್ಪುಗಳು ಮೀನಿನ ಮೊಟ್ಟೆಗಳ ಹಾಗೆ ನೀರಿನ ಮೇಲೆ ತೇಲಿ, ಕಾಲುವೆಯ ಕಡೆ ಸಾಲುಗಟ್ಟಿ ಹೊರಟವು. ಚರೂನ್ ಇಡೀ ದಿನ ತೂಬಿನ ಬಾಯಲ್ಲಿ ಬಟ್ಟೆ ಹಿಡಿದು ನಿಂತು ಅವನ್ನು ಸೋಸಿದ. "ಇವು ಅಣ್ಣನ ಬಲೆಗೆ ಹೋಗಿ ಬಿದ್ರೆ ಏನಂತಾನೆ?" ಎಂದ. ಇಂಥ ಕಡೆ ವಿಜ್ಞಾನದ ಮಾತು ಆಡಿ ಪ್ರಯೋಜನವಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಅವನು ಮೊದಲು ಗೇಲಿ ಮಾಡಿದ ಮನುಷ್ಯನೇ. ರಾಜಧಾನಿಯಿಂದ ವರಾವುತ್ ಎಂಬ ವಿಜ್ಞಾನಿ ಬಂದಿದ್ದರು. ನ್ಯಾನೋ ವಸ್ತುಗಳ ತಜ್ಞರು, ಅಚ್ಚುಕಟ್ಟಾದ ಮಾತು, ಕೈಯಲ್ಲಿ ಬೂದುಬಣ್ಣದ ಪುಡಿಯ ಪುಟ್ಟ ಸೀಸೆ. ಇದು ಜೇಡಿಮಣ್ಣೇ, ಆದರೆ ಒಂದೊಂದು ಹಾಳೆಯೂ ಕೂದಲೆಳೆಯ ಹತ್ತಾರು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳು, ಕಣ್ಣಿಗೆ ಕಾಣುವುದಿಲ್ಲ ಎಂದು ವಿವರಿಸಿದರು.

"ಕಾಣದೇ ಇರೋ ಮಣ್ಣನ್ನ ಸೀಸೇಲಿ ಇಟ್ಕೊಂಡು ಬ್ಯಾಂಕಾಕಿಂದ ಬಂದ್ರಾ?" ಎಂದ ಚರೂನ್. "ನಮ್ಮ ಗದ್ದೇಲಿ ಕಾಣೋ ಮಣ್ಣೇ ಬೇಕಾದಷ್ಟಿದೆ."

ವರಾವುತ್ ನಕ್ಕುಬಿಟ್ಟರು. ಅವರು ಒಳ್ಳೆಯವರು. ರಬ್ಬರಿನ ಪೊರೆಯೊಳಗೆ ಈ ಹಾಳೆಗಳು ಹೆಂಚಿನ ಹಾಗೆ ಒಂದರ ಮೇಲೊಂದು ಕೂತರೆ ನೀರು ಸುತ್ತಿ ಬಳಸಿ ಬರಬೇಕಾಗುತ್ತದೆ, ಅದರಿಂದ ತಡವಾಗುತ್ತದೆ ಎಂದು ಹೆಂಚು ಜೋಡಿಸಿ ತೋರಿಸಿದರು. ಚರೂನ್ ಆ ಹೆಂಚುಗಳನ್ನೇ ಬಹಳ ಹೊತ್ತು ನೋಡಿದ. ಸೀಸೆ ಅವನ ಕೋಟಿನ ಜೇಬು ಸೇರಿತು. ಆಮೇಲೆ ಆರು ವರ್ಷ ಆ ಪುಡಿಯನ್ನು ಹಾಲಿಗೆ ಗಂಟಿಲ್ಲದೆ ಬೆರೆಸುವುದರಲ್ಲೇ ಕಳೆದವು. ತಜ್ಞರು ಹೇಳಿಹೋಗುವುದಕ್ಕೂ ಡ್ರಮ್ಮಿನ ಮುಂದೆ ನಿಂತವನು ಮಾಡುವುದಕ್ಕೂ ನಡುವೆ ಅಷ್ಟು ದೂರ ಇದ್ದೇ ಇರುತ್ತದೆ.

ಈ ನಡುವೆ ನನ್ನದೂ ಒಂದು ತಪ್ಪಿದೆ. ನಾನು ಹಲವು ವರ್ಷ ಆ ಕಾಲುವೆಯ ನೀರನ್ನು ಬಾಟಲಿಗಳಲ್ಲಿ ತುಂಬಿ ಪರೀಕ್ಷಿಸುತ್ತಿದ್ದೆ. ಲೆಕ್ಕ ಸ್ಪಷ್ಟವಾಗಿತ್ತು: ಜೊಂಡು ಬೆಳೆದದ್ದಕ್ಕೆ ಮುಖ್ಯ ಕಾರಣ, ಕಡಲಿನ ಉಪ್ಪುನೀರು ಗದ್ದೆಗೆ ನುಗ್ಗದಿರಲೆಂದು ಕಾಲುವೆಯ ಬಾಯಿಗೆ ಹಾಕಿದ ಬಾಗಿಲು. ಉಪ್ಪು ನಿಂತಿತು, ಸಿಹಿನೀರಿನ ಜೊಂಡು ಹಬ್ಬಿತು. ಗದ್ದೆಗಳ ಯೂರಿಯಾದ ಪಾಲು ಇತ್ತು, ಇಲ್ಲವೆನ್ನಲಾರೆ, ಅದು ಸಣ್ಣದು. ಚರೂನನ ಹೊರೆ ಇಳಿದೀತೆಂದು ಹಾಳೆಗಳನ್ನು ಅವನ ಮುಂದೆ ಹರಡಿದೆ. ಅವನು ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿ, ಹಾಳೆಗಳನ್ನು ಜೋಡಿಸಿ ನನ್ನ ಕೈಗೇ ಕೊಟ್ಟ.

"ನಿಮ್ಮ ಲೆಕ್ಕ ಸರಿ ಇದೆ ಆಚಾನ್. ಆದ್ರೆ ಅಣ್ಣ ಹೇಳಿದ್ದು ಬಾಗಿಲಿಗಲ್ಲ, ನಂಗೆ."

"ಹಾಗಾದರೆ ಹೋಗಿ ಇದನ್ನೇ ಅವನಿಗೆ ಹೇಳು."

"ನಾನು ತಪ್ಪು ಮಾಡಿಲ್ಲ ಅಂತ ಹೇಳೋಕೆ ಅಷ್ಟು ದೂರ ಹೋಗ್ಲಾ?" ಎಂದು ಡ್ರಮ್ಮಿನ ಗುಂಡಿ ಒತ್ತಿದ. ಅದರ ಸದ್ದಿನಲ್ಲಿ ಮಾತು ಮುಗಿಯಿತು. ನಾನೇ ಸಂಗ್‌ನಲ್ಲಿಗೆ ಹೋಗಬಹುದಿತ್ತು. ಇನ್ನೊಬ್ಬರ ಪರವಾಗಿ ಬಾಯಿಬಿಡುವುದು ಅಲ್ಲಿ ಸಲ್ಲದು ಎಂಬುದನ್ನು ನೆಪ ಮಾಡಿಕೊಂಡೆ.

ಇಪ್ಪತ್ತೊಂದನೆಯ ವರ್ಷ, ಜನವರಿಯ ಕೊನೆ. ಕೆಂಪುದಾರದ ಕೊನೆಯ ಚೀಲವನ್ನು ಚರೂನ್ ಕೆಸರಿನಿಂದ ತೆಗೆದ. ನಾಟಿಯಾಗಿ ನೂರಿಪ್ಪತ್ತು ದಿನ. ಚೀಲವನ್ನು ನಾನೇ ತೂಗಿದೆ. ಕಾಳುಗಳೊಳಗೆ ಕಡೆಯ ತುಣುಕು ಯೂರಿಯಾ ಇನ್ನೂ ಇತ್ತು. ಸೆಪ್ಟೆಂಬರಿನಿಂದ ತೂಬಿನ ನೀರಿನಲ್ಲಿ ಹಿಡಿದ ಅಂಕಿಗಳೂ ಅದನ್ನೇ ಹೇಳುತ್ತಿದ್ದವು. ಮತ್ತೊಮ್ಮೆ ತೂಗಲು ಹೇಳಿದ. ತೂಗಿದೆ. ಮೂರನೆಯ ಸಲ ಹೇಳಿದಾಗ, "ತಕ್ಕಡಿ ಸರಿಯಿದೆ ಚರೂನ್" ಎಂದೆ. ಅವನು ಸಂತೋಷಪಟ್ಟಂತೆ ಕಾಣಲಿಲ್ಲ. ಹೆದರಿದವನ ಹಾಗೆ ಕಂಡ. ಒಂದು ವಾರ ಸುಮ್ಮನಿದ್ದು, ಎಂಟನೆಯ ದಿನ ಬೆಳಗ್ಗೆ ನನ್ನ ಮನೆಯ ಗೇಟಿನ ಬಳಿ ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ನಿಂತಿದ್ದ.

"ಆಚಾನ್, ನಿಮ್ಮ ಕಾರು ಬೇಕಿತ್ತು. ಮೋಟರ್‌ಸೈಕಲ್ ಸ್ಟಾರ್ಟ್ ಆಗ್ತಿಲ್ಲ."

ಮೋಟರ್‌ಸೈಕಲ್ ಅವನ ಹಿಂದೆಯೇ ಗುರುಗುಡುತ್ತ ನಿಂತಿತ್ತು. ನಾನು ಕೀಲಿ ತಂದೆ.

ಸಂಗ್ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಿನಲ್ಲಿ ಬಲೆ ಹೊಲಿಯುತ್ತ ಕೂತಿದ್ದ. ಒಣಕಲು ಮೈ, ಹೆಗಲ ಮೇಲೊಂದು ಚೌಕಳಿ ವಸ್ತ್ರ. ತಲೆಯೆತ್ತಿ ತಮ್ಮನನ್ನು ನೋಡಿ, "ಬಂದ್ಯಾ. ಕೂತ್ಕೋ. ಆ ಬೆಂಚು ಬೇಡ, ಕಾಲು ಮುರಿದಿದೆ" ಎಂದ, ನಿನ್ನೆ ಸಂಜೆ ಹೋದವನು ಇಂದು ಬಂದ ಹಾಗೆ. ನನ್ನ ಕಡೆ ತಿರುಗಿ, "ನೀವು ಕಾಲುವೆ ನೀರನ್ನ ಬಾಟ್ಲಿಗೆ ತುಂಬ್ಕೊಂಡು ಹೋಗ್ತಿದ್ದ ಆಚಾನ್ ಅಲ್ವಾ? ಪಾಪ, ಇವರ ಮನೇಲಿ ನಲ್ಲೀನೇ ಇಲ್ವೇನೋ ಅಂತ ನಾವೆಲ್ಲ ಮಾತಾಡ್ಕೊಳ್ತಿದ್ವಿ" ಎಂದ.

ಚರೂನ್ ಕೂರಲಿಲ್ಲ. ಜೇಬಿನಿಂದ ಕೆಂಪುದಾರದ ಚೀಲ ತೆಗೆದು ಬಲೆಯ ಮೇಲಿಟ್ಟ. ಆಮೇಲೆ ಮಡಿಸಿದ ಅಂಕಿಗಳ ಹಾಳೆ.

"ಅಣ್ಣ, ಈಗ ನನ್ನ ಗೊಬ್ಬರ ನನ್ನ ಗದ್ದೇಲೇ ಇರುತ್ತೆ. ನೂರಿಪ್ಪತ್ತು ದಿನ. ಕಾಲುವೆಗೆ ಬರಲ್ಲ."

"ಒಳ್ಳೇದಾಯ್ತು" ಎಂದ ಸಂಗ್. ಚೀಲವನ್ನು ಬೆಳಕಿಗೆ ಹಿಡಿದು ನೋಡಿದ. "ಇದನ್ನ ನಂಗೆ ಯಾಕೆ ತೋರಿಸ್ತಿದೀಯ?"

"ನೀನೇ ಹೇಳಿದ್ದೆ."

"ಏನಂತ?"

ಚರೂನ್ ಹೇಳಿದ. ಒಂದಕ್ಷರ ಬಿಡದೆ, ಅಣ್ಣನ ಅಂದಿನ ದನಿಯಲ್ಲೇ ಹೇಳಿದ. ಸಂಗ್ ಸೂಜಿ ಕೆಳಗಿಟ್ಟು ಬಹಳ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದ.

"ನಾನು ಹಾಗಂದೆನಾ? ಅಂದಿರ್ಬೇಕು. ಆವತ್ತು ಬಲೆ ಹರಿದಿತ್ತಲ್ಲ. ಸಿಟ್ಟಲ್ಲಿ ದೋಣಿಗೂ ಏನೇನೋ ಬೈದಿದ್ದೆ. ದೋಣಿ ಮಾರನೇ ದಿನ ನನ್ನ ಜೊತೇನೇ ಬಂತಪ್ಪ."

ಚರೂನ್ ಅಂಕಿಗಳ ಹಾಳೆ ಬಿಡಿಸಿ ಅಣ್ಣನ ಕಡೆ ತಿರುಗಿಸಿದ.

"ಜೊಂಡು ಬಂದಿದ್ದು ಆ ಬಾಗಿಲು ಹಾಕಿದ ಮೇಲೆ. ನಮ್ಮೂರ ಬಾತುಕೋಳಿಗಳಿಗೂ ಗೊತ್ತು" ಎಂದು ಸಂಗ್ ಮತ್ತೆ ಸೂಜಿ ಕೈಗೆತ್ತಿಕೊಂಡ. "ನಾನು ತಿಳ್ಕೊಂಡಿದ್ದೇ ಬೇರೆ. ಇವನು ಕೋಟು ಹಾಕಿದ, ದೊಡ್ಡೋರ ಜೊತೆ ಓಡಾಡ್ತಾನೆ, ಇನ್ನು ಮೀನಿನ ನಾತದೋನು ಗದ್ದೇಗೆ ಯಾಕೆ ಅಂತ ಕರೀತಿಲ್ಲ ಅನ್ಕೊಂಡೆ. ಪ್ರತಿ ಸುಗ್ಗೀಲೂ ಕತ್ತಿ ಮಸೆದು ಇಟ್ಕೊಳ್ತಿದ್ದೆ. ಹೆಂಡ್ತಿ ಬೈತಿದ್ಲು, ಬರೀ ಕಲ್ಲು ಸವೀತಿದೆ ಅಂತ."

ಆಮೇಲೆ ಚರೂನ್, "ಹಾಗಾದ್ರೆ... ಬರ್ತೀಯಾ?" ಎಂದ.

"ಮೊದ್ಲು ಕೇಳು."

"ಕೇಳಿದ್ನಲ್ಲ."

"ಎಲ್ಲಿ ಕೇಳ್ದೆ? ಗೊಬ್ಬರದ ವಿಷ್ಯ ಹೇಳ್ದೆ. ಕೇಳಲಿಲ್ಲ."

ಐವತ್ತಾರು ವರ್ಷದ ಆ ಮನುಷ್ಯ ಇಸ್ತ್ರಿಯ ಕೋಟಿನ ಗುಂಡಿಯನ್ನು ತಿರುವುತ್ತ ನಿಂತ. ಇಪ್ಪತ್ತೊಂದು ವರ್ಷ ಅವನು ಗೊಬ್ಬರವನ್ನು ಸಿದ್ಧಮಾಡಿದ್ದನೇ ಹೊರತು ಮಾತನ್ನು ಸಿದ್ಧಮಾಡಿಕೊಂಡಿರಲಿಲ್ಲ. "ಅಣ್ಣ, ಬರೋ ಮಂಗಳವಾರ ನಮ್ಮ ಗದ್ದೆ ಕೊಯ್ಲು. ಬಂದು ಕೈಹಾಕ್ಬೇಕು" ಎಂದ ಕೊನೆಗೂ.

"ಬರ್ತೀನಿ" ಎಂದ ಸಂಗ್, ಹೊಲಿಗೆಯಿಂದ ತಲೆಯೆತ್ತದೆ. ಸೂಜಿ ಎರಡು ಕಣ್ಣು ತಪ್ಪಿ ಹೋಯಿತು. ಅದನ್ನು ಬಿಚ್ಚಿ ಮತ್ತೆ ಹೊಲಿದ.

ಮಂಗಳವಾರ ಬಂದ, ಬುಟ್ಟಿ ತುಂಬ ಸರೋವರದ ಮೀನು ತಂದ. ಮೂಲೆಯ ಹಿಡಿಗೆ ದಾರ ಕಟ್ಟಿ, ತುಟಿ ಆಡಿಸಿ ಏನೋ ಹೇಳಿ, ಕೊಯ್ದ. ಆಮೇಲೆ ಸಾಲು ಹಿಡಿದ. ಐವತ್ತು ವರ್ಷ ತಣ್ಣೀರಿನಲ್ಲಿ ಬಲೆಯೆಳೆದ ಬೆರಳುಗಳು ಗಂಟುಗಂಟಾಗಿದ್ದವು; ಬೆರಳುಕತ್ತಿ ಎರಡು ಸಲ ಕೆಳಗೆ ಬಿತ್ತು, ಮೂರನೆಯ ಸಲ ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ. ಬದುವಿನ ಮೇಲೆ ಕೂತು, ತಮ್ಮ ಕೊಯ್ದುಕೊಟ್ಟ ತೆನೆಗಳನ್ನು ಕಂತೆ ಕಟ್ಟತೊಡಗಿದ.

"ಇಪ್ಪತ್ತೊಂದು ವರ್ಷ ಮನೇಲಿ ಕೂತಿದ್ರಿ, ಗದ್ದೆಗೆ ಬಂದೂ ಕೂತ್ಬಿಟ್ರಲ್ಲ ಭಾವ!" ಎಂದಳು ಲಮಾಯ್ ದೂರದಿಂದ.

"ನಿನ್ನ ಗಂಡನೇ ಅಲ್ವೇನೇ ಕೂರ್ಸಿದ್ದು?" ಎಂದ ಸಂಗ್. ಗದ್ದೆಯಲ್ಲಿದ್ದವರೆಲ್ಲ ನಕ್ಕರು.

ಚರೂನ್ ನಗಲಿಲ್ಲ. ಅವನು ಕೊಯ್ಯುತ್ತಿದ್ದ, ಆಗಾಗ ತಲೆಯೆತ್ತಿ ಮುಂದಿನ ಸಾಲುಗಳ ಕಡೆ ನೋಡುತ್ತ. ಅಲ್ಲಿ ಯಾರೂ ಇರಲಿಲ್ಲ, ಪೈರು ಮಾತ್ರ ಗಾಳಿಗೆ ಓಲಾಡುತ್ತಿತ್ತು. ಆಮೇಲೆ ಬದುವಿನ ಕಡೆ ತಿರುಗಿ ಅಣ್ಣನನ್ನು ನೋಡುತ್ತಿದ್ದ. ಅವನು ಹಂಬಲಿಸಿದ್ದು ಎರಡು ಸಾಲು ಮುಂದೆ ಸಿಳ್ಳೆ ಹಾಕುತ್ತ ಹೋಗುವ ನಲವತ್ತೆಂಟು ವರ್ಷದ ಮನುಷ್ಯನಿಗಾಗಿ. ಬಂದವನಿಗೆ ಅರವತ್ತೊಂಬತ್ತು, ಅವನ ಬಾಯಲ್ಲಿ ಸಿಳ್ಳೆಗೆ ಬೇಕಾದ ಹಲ್ಲುಗಳೂ ಇರಲಿಲ್ಲ. ಕರೆಯನ್ನು ಮುಂದೂಡಬಹುದು, ಕರೆಯಬೇಕಾದವನನ್ನು ಹಾಗೆಯೇ ಎತ್ತಿಡುವ ಹೊದಿಕೆ ಯಾವ ಡ್ರಮ್ಮಿನಲ್ಲೂ ಆಗುವುದಿಲ್ಲ. ಇದನ್ನು ಅವನು ಆ ದಿನ ಗದ್ದೆಯಲ್ಲಿ, ಕತ್ತಿ ಕೈಯಲ್ಲಿರುವಾಗಲೇ ಕಂಡುಕೊಂಡನೆಂದು ನನ್ನ ಊಹೆ. ಕೇಳಿದವಳಲ್ಲ.

ಊಟಕ್ಕೆ ಹುಳಿಸಾರು, ಮೀನು, ಬೆಳಗಿನ ತೆನೆಗಳನ್ನೇ ಹುರಿದು ಕುಟ್ಟಿದ ಹೊಸಕ್ಕಿಯ ಅನ್ನ. ಅಣ್ಣತಮ್ಮಂದಿರು ಒಂದೇ ಚಾಪೆಯಲ್ಲಿ ಕೂತರು. ಸಂಗ್ ಮೊದಲ ತುತ್ತು ನಿಧಾನವಾಗಿ ಅಗಿದು, "ಪರವಾಗಿಲ್ಲ, ರಬ್ಬರ್ ವಾಸನೆ ಬರ್ತಿಲ್ಲ" ಎಂದ. ಸಂಜೆ ಹೊರಟು ನಿಂತಾಗ ಚಪ್ಪಲಿಗೆ ಕಾಲು ತೂರಿಸುತ್ತ, "ಮುಂದಿನ ವರ್ಷ ಗೊಬ್ಬರ ಹೇಗಾದ್ರೂ ಇರ್ಲಿ, ಕರಿ" ಎಂದ.

ಮುಂದಿನ ವರ್ಷವೂ ಚರೂನ್ ಹೋಗಿ ಕೇಳಿದ, ಸಂಗ್ ಬಂದ. ಅದರ ಮರುವರ್ಷ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡ. ಹೊದಿಕೆಯ ಕಾಳನ್ನು ಈಗ ಆ ಸುತ್ತಿನ ಕೆಲವು ಗದ್ದೆಗಳಲ್ಲಿ, ಸಸಿಮಡಿಗಳಲ್ಲಿ ಹಾಕುತ್ತಾರೆ. ನಿರ್ದೇಶಕರ ಕರಪತ್ರ ಕೊನೆಗೂ ಅಚ್ಚಾಯಿತು, ಅದರಲ್ಲಿ ಸರಿಯಾದ ಅಂಕಿಗಳಿವೆ. ಅಣ್ಣನ ಸಾವಿನ ಮನೆಯಿಂದ ವಾಪಸು ಬರುವಾಗ ಕಾರಿನಲ್ಲಿ ಚರೂನ್ ಒಂದೇ ಮಾತಾಡಿದ.

"ಎಪ್ಪತ್ತು ದಿನ ನಿಲ್ತಿದ್ದಾಗ್ಲೇ ಹೋಗಿ ಕೇಳ್ಬಹುದಿತ್ತು, ಅಲ್ವಾ ಆಚಾನ್?"

"ಒಂದು ದಿನವೂ ನಿಲ್ಲದಿದ್ದಾಗಲೂ ಕೇಳಬಹುದಿತ್ತು" ಎಂದೆ. ಸಮಾಧಾನದ ಮಾತು ನನಗೆ ಬರುವುದಿಲ್ಲ. ಅವನು ಹೌದೆಂಬಂತೆ ತಲೆಯಾಡಿಸಿ, ದಾರಿಯುದ್ದಕ್ಕೂ ಗದ್ದೆಗಳನ್ನು ನೋಡುತ್ತ ಕೂತ.

ಇಂಥವರು ಲೋಕದಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಪ್ರೀತಿಯನ್ನೂ ಕ್ಷಮೆಯನ್ನೂ ಯೋಗ್ಯತೆಯಿಂದ ಸಂಪಾದಿಸಬೇಕೆಂದು ನಂಬಿ, ಯಾರೋ ಎಂದೋ ಆಡಿ ಮರೆತ ಮಾತಿಗೆ ಉತ್ತರವಾಗಿ ಆಯುಷ್ಯವಿಡೀ ಒಂದು ಕೆಲಸವನ್ನು ಕಟ್ಟುವವರು. ಅವರ ಕೆಲಸ ಬಹುಮಟ್ಟಿಗೆ ಒಳ್ಳೆಯದಾಗಿಯೇ ಇರುತ್ತದೆ. ನೋವಿರುವ ಕೈ ಅಳತೆಯಲ್ಲಿ ಮೋಸಮಾಡುವುದಿಲ್ಲ. ಅದರ ಫಲವನ್ನು ನಾವೆಲ್ಲ ಉಣ್ಣುತ್ತೇವೆ, ಯಾರ ಬಾಗಿಲಿಗೆ ಹೋಗಬೇಕಾಗಿದ್ದ ಹೆಜ್ಜೆಗಳು ಅದರೊಳಗೆ ಸವೆದವೆಂದು ಕೇಳುವುದಿಲ್ಲ. ನಾನು ನಲವತ್ತು ವರ್ಷ ಅಂಥ ಶ್ರದ್ಧೆಯನ್ನು ವಿದ್ಯಾರ್ಥಿಗಳಿಗೆ ಮಾದರಿಯೆಂದು ಹೇಳಿಕೊಟ್ಟವಳು. ಈಗ ತಲೆಬಗ್ಗಿಸಿ ದುಡಿಯುವ ಯಾರನ್ನಾದರೂ ಕಂಡರೆ ಕೆಲಸದ ವಿಚಾರ ಕೇಳುವ ಮೊದಲು, ಯಾರನ್ನಾದರೂ ಕರೆಯುವುದು ಬಾಕಿ ಇದೆಯೇ ಎಂದು ಕೇಳುತ್ತೇನೆ. ಹೆಚ್ಚಿನವರು ಇದೆ ಎನ್ನುತ್ತಾರೆ. ಹಾಗಾದರೆ ಹೋಗಬಾರದೇ ಎಂದರೆ, ಇನ್ನು ಸ್ವಲ್ಪವೇ ಕೆಲಸ ಉಳಿದಿದೆ, ಮುಗಿಸಿಕೊಂಡು ಹೋಗುತ್ತೇನೆ ಎನ್ನುತ್ತಾರೆ.